ಬಿದ್ದ ಗ್ಲೈಡರ್ ಹುಡುಕುವ ಬೀಪರ್: 433 ಮೆಗಾಹರ್ಟ್ಜ್‌ನಲ್ಲಿ ಒಂದು ಹಂಗಾಮು

ಹೋದ ವರ್ಷ ನನ್ನ ಒಂದು ಗ್ಲೈಡರ್, ಅಂದರೆ ನೆಲದಿಂದ ರೇಡಿಯೋದಲ್ಲಿ ನಡೆಸುವ ಪುಟ್ಟ ಮಾದರಿ ವಿಮಾನ, ಕಳೆದುಹೋಯಿತು. ಎರಡು ಮೀಟರ್ ರೆಕ್ಕೆ, ಬಾಲ್ಸಾ ಮರದ ರಿಬ್‌ಗಳು, ಮೇಲೆ ಕಿತ್ತಳೆ ಬಣ್ಣದ ಹೊದಿಕೆ. ಅವತ್ತು ಒಳ್ಳೆ ಥರ್ಮಲ್ (ಮೇಲೇಳುವ ಬಿಸಿ ಗಾಳಿ) ಸಿಕ್ಕಿತ್ತು. ಸುತ್ತುತ್ತಾ ಸುತ್ತುತ್ತಾ ಮೇಲೆ ಹೋಯಿತು, ಚುಕ್ಕಿಯಾಯಿತು. ಒಂದು ಸಲ ಕಣ್ಣು ಮಿಟುಕಿಸಿದೆ, ಮತ್ತೆ ಕಾಣಲಿಲ್ಲ. ಗಾಳಿ ಯಾವ ಕಡೆ ಬೀಸುತ್ತಿದೆ ಅಂತ ಗೊತ್ತಿದ್ದರಿಂದ ದಿಕ್ಕು ಗೊತ್ತಿತ್ತು. ದೂರ ಮಾತ್ರ ಗೊತ್ತಿರಲಿಲ್ಲ. ನಾಲ್ಕು ದಿನ ನಡೆದೆ. ಐದನೇ ದಿನ ಜೋರು ಮಳೆ ಬಂತು. ಆ ಗ್ಲೈಡರ್ ಇವತ್ತಿಗೂ ಸಿಕ್ಕಿಲ್ಲ.

ಅದಾದ ಮೇಲೆ ತೆಗೆದುಕೊಂಡದ್ದು ಈ ಬೀಪರ್ ಸೆಟ್. ಒಂದು ಹಂಗಾಮು ಪೂರ್ತಿ ಬಳಸಿದ್ದೇನೆ, ಎರಡು ಸಲ ನಿಜವಾಗಿ ಹುಡುಕಿದ್ದೇನೆ, ಎರಡೂ ಸಲ ವಿಮಾನ ಸಿಕ್ಕಿದೆ. ಪೆಟ್ಟಿಗೆಯಲ್ಲಿ ಮೂರು ಸಾಮಾನು ಬರುತ್ತವೆ. ವಿಮಾನದೊಳಗೆ ಇಡುವ ಪುಟ್ಟ ಟ್ರಾನ್ಸ್‌ಮಿಟರ್, ಬ್ಯಾಟರಿ ಬಿಟ್ಟು ಐದು ಗ್ರಾಂ ತೂಗುತ್ತದೆ. ಕೈಯಲ್ಲಿ ಹಿಡಿಯುವ ರಿಸೀವರ್. ಮತ್ತೆ ಮೂರು ಕಡ್ಡಿಯ, ಮಡಚಿಡಬಹುದಾದ ಯಾಗಿ ಆಂಟೆನಾ, ತಾನು ಮುಖ ಮಾಡಿದ ದಿಕ್ಕಿನಿಂದಲೇ ಜೋರಾಗಿ ಕೇಳುವಂಥದ್ದು. ಟ್ರಾನ್ಸ್‌ಮಿಟರ್ ಎರಡು ಸೆಕೆಂಡಿಗೊಮ್ಮೆ ಚಿಕ್ಕದಾಗಿ ಬೀಪ್ ಅನ್ನುತ್ತದೆ. ಅಷ್ಟೇ ಅದರ ಕೆಲಸ.

ಕೊಳ್ಳುವಾಗ ನನಗೆ ತಲೆನೋವಾದದ್ದು ಒಂದೇ ಪ್ರಶ್ನೆ, ಯಾವ ಫ್ರೀಕ್ವೆನ್ಸಿ? ಇದೇ ತಯಾರಕರು 2.4 ಗಿಗಾಹರ್ಟ್ಜ್‌ನಲ್ಲೂ ಒಂದು ಬೀಪರ್ ಮಾರುತ್ತಾರೆ. 868 ಅಥವಾ 915 ಮೆಗಾಹರ್ಟ್ಜ್‌ನಲ್ಲಿ ಜಿಪಿಎಸ್ ಇರುವ ಇನ್ನೊಂದು ಇದೆ. ಎಲ್ಲದರ ಮೇಲೂ ದೊಡ್ಡ ಅಕ್ಷರದಲ್ಲಿ ಕಿಲೋಮೀಟರ್ ಲೆಕ್ಕ ಬರೆದಿರುತ್ತದೆ. ಆ ಲೆಕ್ಕ ಬಯಲಲ್ಲಿ, ಎರಡೂ ಆಂಟೆನಾ ಒಂದಕ್ಕೊಂದು ಕಾಣುವ ಹಾಗಿರುವಾಗ ಮಾಡಿದ್ದು. ನಮ್ಮ ವಿಮಾನ ಬಿದ್ದಿರುವುದು ಚರಂಡಿಯಲ್ಲೋ ಬೆಳೆಯ ನಡುವೆಯೋ ಅಲ್ವಾ? ಹಾಗಾಗಿ ಕೊಳ್ಳುವ ಮುಂಚೆ ವಿಮಾನ ಹಾರುವ ಆಕಾಶವನ್ನು ಮರೆತು, ಅದು ಬೀಳುವ ನೆಲವನ್ನು ನೆನೆಸಿಕೊಳ್ಳಿ.

ನೆಲದಲ್ಲಿ ಏನಾಗುತ್ತದೆ? ಆಂಟೆನಾ ಮಣ್ಣಿಗೆ ಅಂಟಿಕೊಂಡಿರುತ್ತದೆ. ಸುತ್ತ ಹಸಿ ಎಲೆ, ಎಲೆಯೊಳಗೆ ನೀರು. 2.4 ಗಿಗಾಹರ್ಟ್ಜ್‌ನ ಅಲೆಯ ಉದ್ದ ಹನ್ನೆರಡೂವರೆ ಸೆಂಟಿಮೀಟರ್ ಮಾತ್ರ. ಒಂದೊಂದು ಎಲೆ, ಒಂದೊಂದು ಕಾಂಡವೂ ಅದರ ದಾರಿಗೆ ಅಡ್ಡ ಬರುತ್ತದೆ, ಹಸಿ ಇದ್ದಷ್ಟೂ ಜಾಸ್ತಿ ನುಂಗುತ್ತದೆ. 433 ಮೆಗಾಹರ್ಟ್ಜ್‌ನ ಅಲೆ ಸುಮಾರು 69 ಸೆಂಟಿಮೀಟರ್. ಎಲೆಗಳ ನಡುವೆ ಅದು ಇದಕ್ಕಿಂತ ಸುಲಭವಾಗಿ ನುಸುಳುತ್ತದೆ. ಎಲೆಯೇ ಇಲ್ಲದ ಬಯಲಲ್ಲೂ 433ಕ್ಕೆ ಲಾಭ ಇದೆ. ಅದೇ ಪವರ್, ಅದೇ ಥರದ ಸಾದಾ ತಂತಿ ಆಂಟೆನಾ ಎರಡೂ ಕಡೆ ಇಟ್ಟರೆ, 2.4ಕ್ಕಿಂತ 433ರಲ್ಲಿ ಸುಮಾರು 15 ಡೆಸಿಬೆಲ್ ಹೆಚ್ಚು ಸಿಗ್ನಲ್ ಕೈಗೆ ಬರುತ್ತದೆ. ದೂರದ ಲೆಕ್ಕದಲ್ಲಿ ಐದು ಪಟ್ಟಿಗಿಂತ ಜಾಸ್ತಿ.

ಪುಸ್ತಕದ ಲೆಕ್ಕ ನಂಬಿ ಸುಮ್ಮನಿರಲು ಮನಸ್ಸಾಗಲಿಲ್ಲ. ಜೊತೆಗೆ ಹಾರಿಸುವ ಗೆಳೆಯನ ಹತ್ತಿರ 2.4ರ ಬೀಪರ್ ಇತ್ತು. ಇಬ್ಬರೂ ಸೇರಿ ಎರಡನ್ನೂ ಎದೆಯೆತ್ತರ ಬೆಳೆದ ಮುಸುಕಿನ ಜೋಳದ ಹೊಲದ ನಡುವೆ, ನೆಲದ ಮೇಲೆ ಇಟ್ಟೆವು. ಬೆಳಿಗ್ಗೆ, ಎಲೆಗಳ ಮೇಲೆ ಇನ್ನೂ ಇಬ್ಬನಿ ಇತ್ತು. ಹೊಲದಿಂದ ಆಚೆ ನಡೆಯುತ್ತಾ ಹೋದೆವು. ಅವನ ರಿಸೀವರ್ ನೂರು ಹೆಜ್ಜೆ ದಾಟುವುದರೊಳಗೆ ಸುಮ್ಮನಾಯಿತು. ನನ್ನದು ಹೊಲ ಮುಗಿದು, ದಾರಿ ದಾಟಿ, ಆಚೆಯ ದಿಬ್ಬ ಹತ್ತಿದ ಮೇಲೂ ಕೇಳುತ್ತಿತ್ತು. ದಿಬ್ಬದ ಮೇಲಂತೂ ಕೆಳಗಿನದಕ್ಕಿಂತ ಚೆನ್ನಾಗಿ ಕೇಳಿಸಿತು. ಎತ್ತರ ಅಷ್ಟು ಮುಖ್ಯ. ಸಿಗ್ನಲ್ ಸಿಗದಿದ್ದರೆ ಮೊದಲು ಹತ್ತಿರದ ದಿಬ್ಬವನ್ನೋ ಕಟ್ಟಡವನ್ನೋ ಹತ್ತಿ.

ಹಾಗಾದರೆ ಇನ್ನೂ ಕೆಳಗಿನ ಫ್ರೀಕ್ವೆನ್ಸಿಗೆ ಯಾಕೆ ಹೋಗಬಾರದು? ಕಾಡುಪ್ರಾಣಿಗಳ ಕೊರಳಿಗೆ ಕಟ್ಟುವ ರೇಡಿಯೋ ಪಟ್ಟಿಗಳು 150 ಮೆಗಾಹರ್ಟ್ಜ್ ಆಸುಪಾಸಿನಲ್ಲಿ ದಶಕಗಳಿಂದ ಕೆಲಸ ಮಾಡುತ್ತಿವೆ. ಕಾಡಿನೊಳಗೆ ಅದು 433ಕ್ಕಿಂತಲೂ ಚೆನ್ನಾಗಿ ಹೋಗುತ್ತದೆ. ನಾನೂ ಅದನ್ನೇ ಮೊದಲು ಯೋಚಿಸಿದ್ದೆ. ಆದರೆ ವಿಮಾನದಲ್ಲಿ ಆಂಟೆನಾ ಆಗುವ, ಅಲೆಯ ಕಾಲು ಭಾಗದಷ್ಟು ಉದ್ದದ ತಂತಿ ಅಲ್ಲಿ ಅರ್ಧ ಮೀಟರ್ ಆಗುತ್ತದೆ. ಕೈಯಲ್ಲಿ ಹಿಡಿಯುವ ಯಾಗಿಯ ಒಂದೊಂದು ಕಡ್ಡಿ ಒಂದು ಮೀಟರ್. ಅದನ್ನು ಎತ್ತಿಕೊಂಡು ಜೋಳದ ಸಾಲುಗಳ ನಡುವೆ ತಿರುಗುವುದು ಆಗದ ಕೆಲಸ. 433ರಲ್ಲಿ ವಿಮಾನದ ತಂತಿ 17 ಸೆಂಟಿಮೀಟರ್, ಯಾಗಿಯ ಅಗಲ 35 ಸೆಂಟಿಮೀಟರ್ ಹತ್ತಿರ. ಬೆನ್ನಿನ ಚೀಲದಲ್ಲಿ ಹಿಡಿಸುತ್ತದೆ. ಬೇಟೆಯ ಗಿಡುಗ ಹಾರಿಸುವವರಿಗೂ ನಮ್ಮದೇ ಕಷ್ಟ, ಹಕ್ಕಿ ಹಾರಿ ಎಲ್ಲೋ ಕೂತುಬಿಡುತ್ತದೆ. ಯುರೋಪಿನಲ್ಲಿ ಅವರು ಹಕ್ಕಿಗೆ ಕಟ್ಟುವ ಟ್ರಾನ್ಸ್‌ಮಿಟರ್‌ಗಳು ಕೂಡ 433–434ರಲ್ಲೇ ಇವೆ, ಅಮೆರಿಕದಲ್ಲಿ 216–220ರಲ್ಲಿ. ಸಣ್ಣ ತಂತಿ, ದೂರದ ಸಿಗ್ನಲ್ ಎರಡೂ ಬೇಕಾದವರು ಈ ನಡುವಿನ ಜಾಗಕ್ಕೆ ಬಂದು ನಿಂತಿದ್ದಾರೆ ಅನ್ನುವುದು ನನಗೆ ಧೈರ್ಯ ಕೊಟ್ಟಿತು.

433 ಅಂದ ತಕ್ಷಣ ಕೆಲಸ ಮುಗಿಯಲಿಲ್ಲ. ಅಗ್ಗದ ಬೀಪರ್‌ಗಳೆಲ್ಲ ಸರಿಯಾಗಿ 433.92ರಲ್ಲಿ ಕೂತಿರುತ್ತವೆ. ಕಾರಿನ ಬೀಗದ ರಿಮೋಟ್, ಬಾಗಿಲ ಗಂಟೆ, ಮನೆಯ ಹವಾಮಾನ ಯಂತ್ರ, ಕೆಲವು ಕಾರುಗಳ ಟೈರ್ ಒತ್ತಡ ತೋರಿಸುವ ಸೆನ್ಸರ್, ಎಲ್ಲವೂ ಅಲ್ಲೇ. ಊರ ಪಕ್ಕ ನಿಂತು ಆ ಚಾನೆಲ್ ಕೇಳಿದರೆ ಸಂತೆಯ ಗದ್ದಲ. ಈ ಸೆಟ್‌ನಲ್ಲಿ 433.05ರಿಂದ 434.79ರವರೆಗೆ ನಮಗೆ ಬೇಕಾದಲ್ಲಿ ಇಟ್ಟುಕೊಳ್ಳಬಹುದು. ನಾನು 434ರ ಮೇಲೆ, ಖಾಲಿ ಇದ್ದ ಒಂದು ಜಾಗ ಹುಡುಕಿ ಅಲ್ಲಿಗೆ ಇಟ್ಟೆ. ಗೆಳೆಯರು ಇದನ್ನೇ ತೆಗೆದುಕೊಂಡರೆ ಒಬ್ಬೊಬ್ಬರಿಗೂ ಬೇರೆ ಬೇರೆ ಜಾಗ ಕೊಡಬಹುದು. ಒಂದೇ ದಿನ ಎರಡು ವಿಮಾನ ಬಿದ್ದರೂ ಗೊಂದಲ ಇಲ್ಲ.

ಇನ್ನೊಂದು ವಿಷಯಕ್ಕೆ ಈ ಸೆಟ್ಟಿಗೆ ಪೂರ್ತಿ ಅಂಕ ಕೊಡುತ್ತೇನೆ. ಅಗ್ಗದ ಬೀಪರ್‌ಗಳಲ್ಲಿ ಫ್ರೀಕ್ವೆನ್ಸಿ ಹಿಡಿದಿಡುವುದು ಸಾ ರೆಸೊನೇಟರ್ ಅನ್ನುವ ಭಾಗ. ಅದು ಹತ್ತಾರು ಕಿಲೋಹರ್ಟ್ಜ್ ಆಚೀಚೆ ಇರಬಹುದು. ಅದನ್ನು ಹಿಡಿಯಲು ರಿಸೀವರ್‌ನ ಕಿಟಕಿಯನ್ನೂ, ಅಂದರೆ ಅದು ಒಂದೇ ಸಲಕ್ಕೆ ಕೇಳುವ ಫ್ರೀಕ್ವೆನ್ಸಿಗಳ ಹರವನ್ನೂ, ಅಗಲ ಇಡಬೇಕು. ಕಿಟಕಿ ಅಗಲ ಆದಷ್ಟೂ ಒಳಗೆ ಬರುವ ಗೊರಗೊರ ಶಬ್ದ ಜಾಸ್ತಿ, ಸಣ್ಣ ಬೀಪ್ ಅದರಲ್ಲಿ ಮುಳುಗುತ್ತದೆ. ಇದರಲ್ಲಿರುವುದು ಕ್ರಿಸ್ಟಲ್. ಅದರ ತಪ್ಪು ಹತ್ತು ಲಕ್ಷಕ್ಕೆ ಹತ್ತು ಪಾಲು ಅಂದುಕೊಂಡರೂ 433ರಲ್ಲಿ ನಾಲ್ಕೂಕಾಲು ಕಿಲೋಹರ್ಟ್ಜ್ ಅಷ್ಟೇ. ಹಾಗಾಗಿ ರಿಸೀವರ್ ಬಹಳ ಕಿರಿದಾದ ಕಿಟಕಿ ಇಟ್ಟುಕೊಂಡು, ಬೀಪನ್ನು ಸಿಳ್ಳೆಯ ಹಾಗೆ ಕಿವಿಗೆ ಕೊಡುತ್ತದೆ. ಸಾದಾ ಎಫ್‌ಎಂ ವಾಕಿಟಾಕಿಯ ಕಿಟಕಿ 15 ಕಿಲೋಹರ್ಟ್ಜ್, ಇದರದ್ದು 500 ಹರ್ಟ್ಜ್. ಇದೊಂದರಿಂದಲೇ ಸುಮಾರು 15 ಡೆಸಿಬೆಲ್ ಲಾಭ. ಫ್ರೀಕ್ವೆನ್ಸಿ ಆರಿಸುವುದಕ್ಕೆ ತಲೆ ಕೆಡಿಸಿಕೊಂಡಷ್ಟೇ ಇದಕ್ಕೂ ಕೆಡಿಸಿಕೊಳ್ಳಿ.

ಬಿಸಿಲಲ್ಲಿ ವಿಮಾನದ ಒಡಲು ಕಾದಾಗ ಕ್ರಿಸ್ಟಲ್ ಕೂಡ ಸ್ವಲ್ಪ ಜಾರುತ್ತದೆ. ಸಿಳ್ಳೆಯ ದನಿ ಬದಲಾಗುತ್ತದೆ, ಕೆಲವೊಮ್ಮೆ ಕಿಟಕಿಯಿಂದಲೇ ಆಚೆ ಹೋಗುತ್ತದೆ. ರಿಸೀವರ್‌ನ ಗುಂಡಿಯನ್ನು ನಿಧಾನವಾಗಿ ಎರಡೂ ಕಡೆ ತಿರುಗಿಸಿದರೆ ಸಿಗುತ್ತದೆ. ಜೊತೆಗೆ ಬಂದ ಕೈಪಿಡಿಯಲ್ಲಿ ಈ ವಿಷಯ ಒಂದು ಸಾಲೂ ಇಲ್ಲ. ಮೊದಲ ಸಲ ಬೀಪರ್ ಕೆಟ್ಟೇಹೋಯಿತು ಅಂದುಕೊಂಡು ಅರ್ಧ ಗಂಟೆ ಹಾಳಾಯಿತು.

ಮೊದಲ ಹುಡುಕಾಟ ಹೇಳುತ್ತೇನೆ. ಸಂಜೆ, ಬೆಳಕು ಇಳಿಯುತ್ತಿತ್ತು. ಹೊಸ ಗ್ಲೈಡರ್ ಮರಗಳ ಸಾಲಿನ ಹಿಂದೆ ಇಳಿಯಿತು. ಯಾಗಿ ಬಿಚ್ಚಿ ಸುತ್ತ ತಿರುಗಿದೆ. ಮೊದಲು ಏನೂ ಕೇಳಲಿಲ್ಲ. ಆಮೇಲೆ ಆಂಟೆನಾವನ್ನು ಕಾಲು ಸುತ್ತು ಹೊರಳಿಸಿ, ನಿಂತಿದ್ದ ಕಡ್ಡಿಗಳನ್ನು ಅಡ್ಡ ಮಾಡಿದೆ. ತಕ್ಷಣ ಬೀಪ್! ಬಿದ್ದ ವಿಮಾನದ ತಂತಿ ಮಲಗಿರುತ್ತದೆ. ನಮ್ಮ ಆಂಟೆನಾ ನಿಂತಿದ್ದರೆ ಸಿಗ್ನಲ್ ನೂರರಲ್ಲಿ ಒಂದು ಪಾಲಿಗೆ ಇಳಿದುಬಿಡಬಹುದು. ಎರಡೂ ರೀತಿ ಹಿಡಿದು ನೋಡಲೇಬೇಕು. ದಿಕ್ಕು ಗುರುತು ಮಾಡಿಕೊಂಡು, ಮುನ್ನೂರು ಹೆಜ್ಜೆ ಪಕ್ಕಕ್ಕೆ ನಡೆದು ಇನ್ನೊಂದು ದಿಕ್ಕು ತೆಗೆದುಕೊಂಡೆ. ಎರಡು ಗೆರೆ ಸೇರುವ ಜಾಗ ಮರಗಳ ಆಚೆಯ ಹೊಲದಲ್ಲಿತ್ತು. ನಡುವೆ ಒಂದು ತಗಡಿನ ಶೆಡ್ ಕಡೆಯಿಂದಲೂ ಜೋರಾಗಿ ಕೇಳಿಸಿ ದಾರಿ ತಪ್ಪಿಸಿತು. ತಗಡು ಸಿಗ್ನಲ್ಲನ್ನು ಕನ್ನಡಿಯ ಹಾಗೆ ತಿರುಗಿಸಿ ಕಳಿಸುತ್ತದೆ. ಒಂದೇ ಕಡೆಯಿಂದ ತೆಗೆದ ದಿಕ್ಕನ್ನು ನಂಬಿದ್ದರೆ ಆ ಶೆಡ್ ಸುತ್ತಲೇ ರಾತ್ರಿ ಆಗುತ್ತಿತ್ತು.

ಹತ್ತಿರ ಹೋದ ಮೇಲೆ ಬೇರೆಯೇ ಕಷ್ಟ. ಇಪ್ಪತ್ತು ಮೂವತ್ತು ಮೀಟರ್ ಒಳಗೆ ಬಂದರೆ ಯಾವ ಕಡೆ ತಿರುಗಿದರೂ ಸಿಗ್ನಲ್ ತೋರಿಸುವ ಮೀಟರ್ ತುದಿಗೆ ಹೋಗಿ ನಿಲ್ಲುತ್ತದೆ. ರಿಸೀವರ್‌ನಲ್ಲಿ ಸಿಗ್ನಲ್ ತಗ್ಗಿಸುವ ಗುಂಡಿ ಇದೆ, ಮೂರು ಹಂತ. ಮೂರನೆಯದೂ ಸಾಲದಿದ್ದಾಗ ಯಾಗಿ ಕಳಚಿ, ರಿಸೀವರನ್ನು ಎದೆಗೆ ಒತ್ತಿ ಹಿಡಿದು ನಿಂತಲ್ಲೇ ನಿಧಾನವಾಗಿ ಒಂದು ಸುತ್ತು ತಿರುಗಬೇಕು. ದನಿ ಎಲ್ಲಿ ತೀರಾ ಇಳಿಯುತ್ತದೋ ಆಗ ವಿಮಾನ ನಮ್ಮ ಬೆನ್ನ ಹಿಂದೆ ಇರುತ್ತದೆ, ನಮ್ಮ ಮೈಯೇ ಅಡ್ಡ ಬಂದಿರುತ್ತದೆ. ಹಾಗೆ ತಿರುಗಿ ಹನ್ನೆರಡು ಹೆಜ್ಜೆ ಇಟ್ಟೆ. ಜೋಳದ ಸಾಲಿನಲ್ಲಿ ಗ್ಲೈಡರ್ ಬೋರಲು ಬಿದ್ದಿತ್ತು, ಒಂದು ರೆಕ್ಕೆಯ ತುದಿ ಮಾತ್ರ ಮುರಿದಿತ್ತು. ಆಗ ಆದ ಸಂತೋಷಕ್ಕೆ ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಜಿಪಿಎಸ್ ಇರುವ 868/915ರದ್ದು ಯಾಕೆ ಬೇಡ ಅಂದೆ ಅಂತ ಎಷ್ಟೋ ಜನ ಕೇಳುತ್ತಾರೆ. ಅದು ಕೆಟ್ಟದ್ದು ಅಂತ ಖಂಡಿತ ಹೇಳುವುದಿಲ್ಲ. ಅದರೊಳಗಿನ ಲೋರಾ ಅನ್ನುವ ಬಗೆಯ ರೇಡಿಯೋ ಬಹಳ ಸಣ್ಣ ಸಿಗ್ನಲ್ಲನ್ನೂ ಹಿಡಿಯುತ್ತದೆ, ವಿಮಾನ ಗಾಳಿಯಲ್ಲಿ ಇರುವವರೆಗೂ ಜಾಗ ಕಳಿಸುತ್ತಲೇ ಇರುತ್ತದೆ. ಕೊನೆಗೆ ಬಂದ ಒಂದು ಗುರುತು ಸಿಕ್ಕರೂ ಹುಡುಕಾಟ ಅರ್ಧ ಮುಗಿದ ಹಾಗೆ. ದೊಡ್ಡ ವಿಮಾನ ಇದ್ದವರು ಅದನ್ನೇ ಹಾಕಿಕೊಳ್ಳಿ. ಆದರೆ ವಿಮಾನ ಬೋರಲು ಬಿದ್ದರೆ ಜಿಪಿಎಸ್‌ನ ಚಪ್ಪಟೆ ಆಂಟೆನಾ ಮಣ್ಣನ್ನು ನೋಡುತ್ತಿರುತ್ತದೆ, ಹೊಸ ಗುರುತು ಬರುವುದು ಕಷ್ಟ. ಬ್ಯಾಟರಿಯೂ ಬೇಗ ಇಳಿಯುತ್ತದೆ. ನನ್ನ ಸಣ್ಣ ಗ್ಲೈಡರ್‌ಗೆ ಐದು ಗ್ರಾಂನ ಬೀಪರೇ ಸರಿ. ಮೊಬೈಲ್ ಸಿಮ್ ಹಾಕುವ ಟ್ರ್ಯಾಕರ್‌ಗೆ ಟವರ್ ಬೇಕು. ಬ್ಲೂಟೂತ್ ಬಿಲ್ಲೆಗೆ ಪಕ್ಕದಲ್ಲಿ ಯಾರದಾದರೂ ಫೋನ್ ಹಾದುಹೋಗಬೇಕು. ಹೊಲದ ನಡುವೆ ಎರಡೂ ಆಗದ ಮಾತು.

433 ಎಲ್ಲರಿಗೂ ಸರಿ ಅಂತಲೂ ಅಲ್ಲ. ನಿಮ್ಮ ವಿಮಾನವನ್ನು ನಡೆಸುವ ರೇಡಿಯೋವೇ 433ರದ್ದಾಗಿದ್ದರೆ ಈ ಬೀಪರ್ ಹತ್ತಿರ ಇಡಲೇಬೇಡಿ, ಪ್ರತಿ ಬೀಪಿಗೂ ರಿಸೀವರ್ ಕಿವುಡಾಗುತ್ತದೆ. 1.3 ಗಿಗಾಹರ್ಟ್ಜ್‌ನಲ್ಲಿ ವಿಡಿಯೋ ಕಳಿಸುವವರೂ ನೋಡಿಕೊಳ್ಳಿ. ಬೀಪರ್ ತನ್ನ ಫ್ರೀಕ್ವೆನ್ಸಿಯ ಮೂರು ಪಟ್ಟಿನಲ್ಲೂ ಸ್ವಲ್ಪ ಸೋರುತ್ತದೆ, 433.92ರ ಮೂರು ಪಟ್ಟು 1301.76, ನೇರ ಅಲ್ಲಿಗೇ ಬೀಳುತ್ತದೆ. ಒಡಲು ಕಾರ್ಬನ್ ಫೈಬರ್‌ದಾದರೆ ತಂತಿಯನ್ನು ಹೊರಗೆ ತೆಗೆಯಿರಿ, ಒಳಗಿಟ್ಟರೆ ಸಿಗ್ನಲ್ ಆಚೆ ಬರುವುದಿಲ್ಲ.

ನಿಯಮದ ಮಾತು. 433.05–434.79 ಯುರೋಪ್, ಆಫ್ರಿಕಾ ಸೇರಿದ ವಲಯದಲ್ಲಿ ಸಣ್ಣ ಸಾಧನಗಳಿಗೆ ಇಟ್ಟಿರುವ ಜಾಗ. ಅಲ್ಲೂ ಪವರ್‌ಗೆ, ಎಷ್ಟು ಹೊತ್ತು ಕೂಗಬಹುದು ಅನ್ನುವುದಕ್ಕೆ ಮಿತಿ ಇದೆ. ಬೇರೆ ಕಡೆ ಇದೇ ಫ್ರೀಕ್ವೆನ್ಸಿಗೆ ಹ್ಯಾಮ್ (ಹವ್ಯಾಸಿ ರೇಡಿಯೋ) ಲೈಸೆನ್ಸ್ ಬೇಕಾಗಬಹುದು. 915 ಅಮೆರಿಕದಲ್ಲಿ ಸರಿ, ಯುರೋಪಿನಲ್ಲಿ ಅದರ ಬದಲು 868. ನೀವಿರುವ ದೇಶದ ಪಟ್ಟಿ ನೋಡಿಯೇ ಕೊಳ್ಳಿ. ಈ ಸೆಟ್ ಮಾರುವವರು ಇದನ್ನು ಪೆಟ್ಟಿಗೆಯ ಮೇಲೆ ಬರೆಯಬೇಕಿತ್ತು, ಬರೆದಿಲ್ಲ.

ಬೇರೆ ದೂರುಗಳೂ ಇವೆ. ರಿಸೀವರ್‌ನ ಪರದೆ ಬಿಸಿಲಲ್ಲಿ ಓದಲು ಆಗುವುದಿಲ್ಲ, ಕಿವಿಯಲ್ಲೇ ಕೆಲಸ ಮಾಡಬೇಕು. ಇಯರ್‌ಫೋನ್ ಚುಚ್ಚುವ ತೂತು ಇದೆ, ಗಾಳಿ ಇದ್ದ ದಿನ ಅದಿಲ್ಲದೆ ಆಗದು. ಟ್ರಾನ್ಸ್‌ಮಿಟರ್‌ನ ಸ್ವಿಚ್ ಉಗುರಿಗೂ ಸಿಗದಷ್ಟು ಸಣ್ಣದು. ಬ್ಯಾಟರಿಯ ಕನೆಕ್ಟರ್ ಸಡಿಲ. ಎರಡನೇ ಹುಡುಕಾಟದಲ್ಲಿ ವಿಮಾನ ಸಿಕ್ಕಾಗ ಅದು ಅರ್ಧ ಕಳಚಿಕೊಂಡಿತ್ತು, ಇನ್ನೊಂದು ಕೂದಲೆಳೆ ಜಾರಿದ್ದರೆ ಬೀಪ್ ನಿಂತೇಹೋಗುತ್ತಿತ್ತು. ಈಗ ಅದರ ಮೇಲೆ ಒಂದು ಹನಿ ಬಿಸಿ ಅಂಟು ಹಾಕುತ್ತೇನೆ. ಬೀಪರ್‌ಗೆ ವಿಮಾನದ ಬ್ಯಾಟರಿಯಿಂದ ಕರೆಂಟ್ ಕೊಡಬೇಡಿ, ಅಪ್ಪಳಿಸಿದಾಗ ಮೊದಲು ಕಳಚಿಹೋಗುವುದು ಅದೇ.

ಬ್ಯಾಟರಿಯ ಆಯಸ್ಸನ್ನು ಮನೆಯಲ್ಲೇ ನೋಡಿದೆ. 150 ಎಂಎಎಚ್‌ನ ಒಂಟಿ ಸೆಲ್ ಹಾಕಿ, ಬೀಪರನ್ನು ಕಿಟಕಿಯ ಮೇಲೆ ಇಟ್ಟು, ಬೆಳಿಗ್ಗೆ ಸಂಜೆ ರಿಸೀವರ್ ಹಚ್ಚಿ ಕೇಳಿದೆ. ಮೊದಲ ದಿನ, ಎರಡನೇ ದಿನ, ಮೂರನೇ ದಿನ ಒಂದೇ ಥರ ಕೂಗಿತು. ನಾಲ್ಕನೇ ದಿನ ಸಂಜೆ ಸಿಳ್ಳೆ ಸ್ವಲ್ಪ ಸಣ್ಣಗಾಗಿತ್ತು. ಐದನೇ ದಿನ ಬೆಳಿಗ್ಗೆ ಎದ್ದು ಕೇಳಿದಾಗಲೂ ಇನ್ನೂ ಬೀಪ್ ಅನ್ನುತ್ತಿತ್ತು.