ಆತಿಥ್ಯದ ಕ್ರಮದಲ್ಲಿ ಜೋಡಿಸಿದ ಅಂಚೆಚೀಟಿಗಳು: ಕಾಸರಗೋಡಿನ ಅಂಗಡಿಯಲ್ಲಿ ಕೊಂಡ ಒಂದು ಆಲ್ಬಂ

ಕಾಸರಗೋಡಿನ ಹಳೇ ಬಸ್ ನಿಲ್ದಾಣದ ಸಮೀಪ, ಕಿರಿದಾದ ಮೆಟ್ಟಿಲು ಹತ್ತಿ ಹೋಗಬೇಕಾದ ಒಂದು ಕೋಣೆಯಲ್ಲಿ ಹಳೆಯ ಅಂಚೆಚೀಟಿ, ನಾಣ್ಯ ಮತ್ತು ಲಕೋಟೆಗಳನ್ನು ಮಾರುವ ಅಂಗಡಿಯೊಂದಿದೆ. ನಮ್ಮ ಶಾಲೆಯ ಕ್ರೀಡೋತ್ಸವದ ದಿನ ಮಕ್ಕಳಿಗೆ ತೋರಿಸಲು ಏಷ್ಯನ್ ಕ್ರೀಡಾಕೂಟಕ್ಕೆ ಸಂಬಂಧಿಸಿದ್ದು ಏನಾದರೂ ಸಿಕ್ಕೀತೇ ಎಂದು ವಿಚಾರಿಸಿದಾಗ, ಅಂಗಡಿಯವರು ತಾವೇ ಜೋಡಿಸಿದ್ದ ಆಲ್ಬಂ ಒಂದನ್ನು ಮೇಜಿನ ಮೇಲಿಟ್ಟರು. 1,800 ರೂಪಾಯಿ ಕೊಟ್ಟು ಅದನ್ನು ಕೊಂಡು ಒಂದು ತಿಂಗಳಾಯಿತು. ಪ್ರತಿ ಹಾಳೆಯನ್ನೂ ಓದಿ ನೋಡಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಸಾಮಾನ್ಯವಾಗಿ ಸಂಗ್ರಾಹಕರು ಅಂಚೆಚೀಟಿಗಳನ್ನು ದೇಶದ ಪ್ರಕಾರವೋ ಆಟದ ಪ್ರಕಾರವೋ ಜೋಡಿಸುತ್ತಾರೆ. ಇಲ್ಲಿ ಮಾತ್ರ ಒಂದೊಂದು ಹಾಳೆಯೂ ಕೂಟವನ್ನು ನಡೆಸಿಕೊಟ್ಟ ಒಂದೊಂದು ನಗರಕ್ಕೆ ಮೀಸಲು. ಎಡಗಡೆ ಆ ನಗರಕ್ಕೆ ಆತಿಥ್ಯ ಹೇಗೆ ಬಂತು ಎಂಬ ಟಿಪ್ಪಣಿ, ಬಲಗಡೆ ಚೀಟಿ, ನಾಣ್ಯ ಅಥವಾ ಪತ್ರಿಕೆಯ ತುಣುಕು. ಗೆದ್ದವರ ಪಟ್ಟಿ ಎಲ್ಲಿಯಾದರೂ ಸಿಗುತ್ತದೆ. ಯಾರು ಅಂಗಳ ಗುಡಿಸಿ, ಚಪ್ಪರ ಹಾಕಿ ನೆಂಟರನ್ನು ಕರೆದರು, ಯಾರು ಕರೆಯುತ್ತೇವೆಂದು ಹೇಳಿ ಹಿಂದೆ ಸರಿದರು ಎಂಬುದು ಒಂದೇ ಕಡೆ ಕಣ್ಣಿಗೆ ಬೀಳುವುದು ಅಪರೂಪ. ಈ ಜೋಡಣೆಯೇ ಆಲ್ಬಂನ ನಿಜವಾದ ಬೆಲೆ ಎಂದು ನನ್ನ ಅಭಿಪ್ರಾಯ.

ಮೊದಲ ಹಾಳೆಯಲ್ಲಿ 1951ರ ಮಾರ್ಚ್ 4ರಂದು ಭಾರತ ಹೊರತಂದ ಎರಡು ಚೀಟಿಗಳಿವೆ, ಒಂದು 2 ಆಣೆಯದು, ಇನ್ನೊಂದು 12 ಆಣೆಯದು. ಎರಡರಲ್ಲೂ ಪಂಜು ಮತ್ತು ಏಷ್ಯಾದ ಭೂಪಟ. ದಿಲ್ಲಿಯಲ್ಲಿ ಮೊದಲ ಏಷ್ಯನ್ ಕ್ರೀಡಾಕೂಟ ಆರಂಭವಾದದ್ದು ಅದೇ ದಿನ. 1950ರಲ್ಲಿಯೇ ನಡೆಯಬೇಕಿದ್ದ ಕೂಟ ಸಿದ್ಧತೆ ಸಾಲದೆ ಮುಂದಕ್ಕೆ ಹೋಗಿತ್ತು ಎಂಬುದನ್ನು ಟಿಪ್ಪಣಿ ಮರೆತಿಲ್ಲ. 11 ದೇಶಗಳ 489 ಕ್ರೀಡಾಪಟುಗಳು ಅಲ್ಲಿ ಸೇರಿದ್ದರು. ಸ್ವಾತಂತ್ರ್ಯ ಬಂದು ನಾಲ್ಕು ವರ್ಷವೂ ತುಂಬದ ದೇಶವೊಂದು ಇಷ್ಟು ಜನರನ್ನು ಕರೆದು ಸತ್ಕರಿಸಿತು ಎಂಬ ಮಾತನ್ನು ತರಗತಿಯಲ್ಲಿ ಹೇಳುವಾಗ ಈ ಎರಡು ಚೀಟಿಗಳು ನನಗೆ ಪಾಠಪುಸ್ತಕಕ್ಕಿಂತ ಹೆಚ್ಚು ನೆರವಾದವು. ಈ ಕೂಟದ ಕಲ್ಪನೆಯನ್ನು ಮುಂದಿಟ್ಟು ಅದಕ್ಕಾಗಿ ದುಡಿದ ಜಿ.ಡಿ. ಸೋಂಧಿಯವರ ಹೆಸರು ಇಲ್ಲಿಯೂ ಬರುತ್ತದೆ, 1962ರ ಜಕಾರ್ತದ ಹಾಳೆಯಲ್ಲಿಯೂ ಬರುತ್ತದೆ. ಇಸ್ರೇಲ್ ಮತ್ತು ತೈವಾನ್ ತಂಡಗಳಿಗೆ ಇಂಡೋನೇಷ್ಯ ಪ್ರವೇಶ ಕೊಡದೆ ಹೋದಾಗ ಅದನ್ನು ವಿರೋಧಿಸಿದ ಸೋಂಧಿಯವರು, ಉದ್ರಿಕ್ತ ಗುಂಪುಗಳ ಕಾರಣದಿಂದ ಆ ನಗರವನ್ನೇ ಬಿಟ್ಟು ಬರಬೇಕಾಯಿತು. ಕೂಟವನ್ನು ಕಟ್ಟಿದವರಿಗೇ ಕೂಟದ ಅಂಗಳದಲ್ಲಿ ಜಾಗವಿಲ್ಲದಂತಾದ ಈ ಸಂಗತಿಯನ್ನು ಓದಿ ನನಗೆ ಬಹಳ ನೋವಾಯಿತು.

ಟಿಪ್ಪಣಿಗಳಲ್ಲಿ ಒಂದು ದೊಡ್ಡ ತಪ್ಪು ಇದೆ. 1970ರ ಹಾಳೆಯ ತಲೆಬರಹದಲ್ಲಿ ಸಿಯೋಲ್ ಎಂದು ಬರೆಯಲಾಗಿದೆ. ಆ ವರ್ಷದ ಆತಿಥ್ಯ ಸಿಯೋಲ್‌ಗೆ ಸಿಕ್ಕಿದ್ದು ನಿಜ, ಆದರೆ ಹಣಕಾಸು ಮತ್ತು ಭದ್ರತೆಯ ಕಾರಣಗಳಿಂದ ಅದು ಹಿಂದೆ ಸರಿದು, 1966ರಲ್ಲಿ ಕೂಟ ನಡೆಸಿದ್ದ ಬ್ಯಾಂಕಾಕ್ ಮತ್ತೆ ಹೊಣೆ ಹೊತ್ತಿತು. 1978ರಲ್ಲಿ ಇಸ್ಲಾಮಾಬಾದ್ ಹಿಂದೆ ಸರಿದಾಗಲೂ ಮುಂದೆ ಬಂದದ್ದು ಬ್ಯಾಂಕಾಕೇ. 1998ನ್ನೂ ಸೇರಿಸಿದರೆ ಆ ನಗರ ನಾಲ್ಕು ಬಾರಿ ಆತಿಥ್ಯ ವಹಿಸಿದೆ. ಬೇರೆ ಯಾವ ನಗರವೂ ಅಷ್ಟು ಬಾರಿ ವಹಿಸಿಲ್ಲ. ತಲೆಬರಹದ ಒಂದು ತಪ್ಪಿನಿಂದ ಈ ಋಣದ ಕಥೆಯೇ ಮರೆಯಾಗುತ್ತದೆ. ನಾನು ಇದನ್ನು ತಿಳಿಸಿದಾಗ ಅಂಗಡಿಯವರು ಬೇಸರಿಸದೆ, “ಮಾಷ್ಟ್ರೇ, ನೀವು ಹೇಳಿದ್ದು ಒಳ್ಳೆಯದಾಯಿತು” ಎಂದು ನನ್ನೆದುರೇ ಆ ಹಾಳೆಯನ್ನು ತಿದ್ದಿದರು. 2018ರ ಹಾಳೆಯಲ್ಲಿ ಅವರ ಟಿಪ್ಪಣಿ ಸರಿಯಾಗಿದೆ: ಹನೋಯಿ ನಗರಕ್ಕೆ ಸಿಕ್ಕಿದ್ದ ಕೂಟವನ್ನು ವಿಯೆಟ್ನಾಂ 2014ರಲ್ಲಿ ಖರ್ಚಿನ ಕಾರಣದಿಂದ ಕೈಬಿಟ್ಟಿತು, ಜಕಾರ್ತ ಮತ್ತು ಪಾಲೆಂಬಾಂಗ್ ನಗರಗಳು ಒಟ್ಟಾಗಿ ಅದನ್ನು ನಡೆಸಿದವು.

1982ರ ದಿಲ್ಲಿ ಕೂಟಕ್ಕೆ ಮೂರು ಹಾಳೆಗಳಿವೆ, ಅವು ಆಲ್ಬಂನ ಅತ್ಯಂತ ಶ್ರೀಮಂತ ಭಾಗ. ಆ ವರ್ಷದ 25 ಪೈಸೆ ಮತ್ತು 2 ರೂಪಾಯಿಯ ಸ್ಮಾರಕ ನಾಣ್ಯಗಳು, ಜಂತರ್ ಮಂತರ್‌ನ ಆಕೃತಿಯುಳ್ಳ ಲಾಂಛನ, ಕೂಟದ ಶುಭಸಂಕೇತವಾಗಿದ್ದ ಅಪ್ಪು ಎಂಬ ಆನೆಮರಿಯ ಚಿತ್ರ ಎಲ್ಲವೂ ಇವೆ. ಅಪ್ಪುವಾಗಿ ಜನರೆದುರು ಬಂದ ಆನೆ ಕೇರಳದ ಕುಟ್ಟಿನಾರಾಯಣನ್ ಎಂದು ಹೇಳಿದಾಗ ನಮ್ಮ ಮಕ್ಕಳ ಮುಖ ಅರಳಿತು. ಪಕ್ಕದ ಕಣ್ಣೂರು ಜಿಲ್ಲೆಯ ಎಂ.ಡಿ. ವಲ್ಸಮ್ಮ ಅದೇ ಕೂಟದಲ್ಲಿ 400 ಮೀಟರ್ ಹರ್ಡಲ್ಸ್‌ನ ಚಿನ್ನ ಗೆದ್ದದ್ದನ್ನು ಮಾತ್ರ ಟಿಪ್ಪಣಿ ಹೇಳುವುದಿಲ್ಲ. ಗೆದ್ದವರ ಪಟ್ಟಿ ಕೊಡುವುದಿಲ್ಲವೆಂಬ ನಿಯಮ ಸರಿಯೇ, ಆದರೂ ಈ ಒಂದು ಹೆಸರಿಗಾಗಿ ಅದನ್ನು ಸಡಿಲಿಸಬಹುದಿತ್ತು.

ದಕ್ಷಿಣ ಏಷ್ಯಾದ ಕೂಟಗಳ ಭಾಗ ತೀರಾ ತೆಳುವಾಗಿದೆ. 1984ರಲ್ಲಿ ಕಠ್ಮಂಡುವಿನಲ್ಲಿ ಆರಂಭವಾದ ಈ ಕೂಟವನ್ನು ಢಾಕಾ 1985, 1993 ಮತ್ತು 2010ರಲ್ಲಿ ನಡೆಸಿತು; 1987ರಲ್ಲಿ ಕಲ್ಕತ್ತ, 1995ರಲ್ಲಿ ಮದ್ರಾಸು, 2016ರಲ್ಲಿ ಗುವಾಹಟಿ ಮತ್ತು ಶಿಲ್ಲಾಂಗ್ ನಡೆಸಿದವು. 2001ಕ್ಕೆ ನಿಗದಿಯಾಗಿದ್ದ ಇಸ್ಲಾಮಾಬಾದ್ ಕೂಟ 2004ರಲ್ಲಷ್ಟೇ ನಡೆಯಿತು. ಇದಿಷ್ಟಕ್ಕೂ ಸೇರಿ ಆಲ್ಬಂನಲ್ಲಿರುವುದು ಎರಡೇ ಹಾಳೆ. ರಾತ್ರಿಯಿಡೀ ದೀಪ ಹಾಕಿ ಕಬಡ್ಡಿ ಪಂದ್ಯ ನಡೆಸುವ ನಮ್ಮ ಊರುಗಳಿಗೆ ಢಾಕಾದ ಹಾಳೆ ಎಲ್ಲಕ್ಕಿಂತ ಮುಖ್ಯ. ಕಬಡ್ಡಿ 1982ರಲ್ಲಿ ದಿಲ್ಲಿಯಲ್ಲಿ ಪ್ರದರ್ಶನದ ಆಟವಾಗಿತ್ತು, 1985ರಲ್ಲಿ ಢಾಕಾದಲ್ಲಿ ಸ್ಪರ್ಧೆಯಾಯಿತು, 1990ರಲ್ಲಿ ಬೀಜಿಂಗ್‌ನಲ್ಲಿ ಏಷ್ಯನ್ ಕೂಟದ ಪದಕದ ಆಟವಾಯಿತು. ಆತಿಥೇಯರು ತಮ್ಮ ಮಣ್ಣಿನ ಆಟವನ್ನು ಕಣಕ್ಕೆ ತರುವುದರಿಂದ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಆ ಹಾಳೆ ಅರ್ಧ ಖಾಲಿಯಾಗಿರುವುದು ದೊಡ್ಡ ಕೊರತೆ.

ಕೊಳ್ಳುವವರು ಗಮನಿಸಬೇಕಾದ ಎರಡು ವಿಷಯಗಳಿವೆ. ಚೀಟಿಗಳನ್ನು ಅಂಟಿಸದೆ ಪಾರದರ್ಶಕ ಜೇಬುಗಳಲ್ಲಿ ಇಟ್ಟಿರುವುದು ಸರಿಯಾದ ಕ್ರಮ, ಆದರೆ ನಮ್ಮ ಮಳೆಗಾಲದ ತೇವಕ್ಕೆ ಹಿಂಬದಿಯ ಅಂಟು ಕರಗಿ ಚೀಟಿ ಜೇಬಿಗೇ ಹಿಡಿದುಕೊಳ್ಳುವ ಭಯವಿದೆ. ನಾನು ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಬಿಗಿ ಮುಚ್ಚಳದ ಡಬ್ಬದಲ್ಲಿ ಇಟ್ಟಿದ್ದೇನೆ. ಎರಡನೆಯದು ಭಾಷೆ. ಟಿಪ್ಪಣಿಗಳೆಲ್ಲ ಮಲಯಾಳ ಮತ್ತು ಇಂಗ್ಲಿಷಿನಲ್ಲಿವೆ. ಅಂಗಡಿಯವರು ಕನ್ನಡವನ್ನೂ ತುಳುವನ್ನೂ ಚೆನ್ನಾಗಿ ಮಾತನಾಡುತ್ತಾರೆ, ಆದರೆ ಕನ್ನಡ ಬರೆಯಲು ಕಲಿಯಲಿಲ್ಲ ಎಂದು ಸಂಕೋಚದಿಂದ ಹೇಳಿದರು. ಕನ್ನಡ ಮಾಧ್ಯಮದ ಮಕ್ಕಳು ಓದಬೇಕಾದ ಆಲ್ಬಂ ಇದು ಎಂದು ನಾನು ಒತ್ತಾಯಿಸಿದ ಮೇಲೆ, ನಾನು ಬರೆದುಕೊಟ್ಟರೆ ಮುಂದಿನ ಪ್ರತಿಗಳಲ್ಲಿ ಕನ್ನಡ ಟಿಪ್ಪಣಿಗಳನ್ನೂ ಸೇರಿಸುತ್ತೇನೆ ಎಂದು ಒಪ್ಪಿದ್ದಾರೆ. ಮೊದಲ ಹನ್ನೆರಡು ಹಾಳೆಗಳ ಬರಹವನ್ನು ಕಳೆದ ಶನಿವಾರ ತಲುಪಿಸಿದ್ದೇನೆ. ಢಾಕಾದ ಹಾಳೆಗೆ ಬೇಕಾದ ಚೀಟಿಗಳನ್ನು ಅವರು ಹುಡುಕುತ್ತಿದ್ದಾರೆ, ದೀಪಾವಳಿ ಕಳೆದ ಮೇಲೆ ಬಂದು ನೋಡಲು ಹೇಳಿದ್ದಾರೆ.