ಒಳಮುಚ್ಚಳದ ಕುಕ್ಕರ್: ಹಬೆಯೇ ಹಾಕುವ ಬೀಗ

ಮೂರು ಲೀಟರಿನ ಅಲ್ಯೂಮಿನಿಯಂ ಕುಕ್ಕರ್, ಮುಚ್ಚಳ ಒಳಗಿನಿಂದ ಕೂರುವಂಥದ್ದು. ಹೊರಮುಚ್ಚಳದ ಹಳೆಯ ಕುಕ್ಕರಿನ ಹಿಡಿ ಸಡಿಲವಾದ ಮೇಲೆ ಇದನ್ನು ತಂದೆ. ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವಳು ನಾನು. ಬೇಳೆ ತೊಳೆಯುವ ಮೊದಲೇ ಮುಚ್ಚಳವನ್ನು ತಿರುಗಿಸಿ ಮುರುಗಿಸಿ ನೋಡಿ ಮನಸೋತೆ.

ಪಾತ್ರೆಯ ಬಾಯಿ ಪೂರ್ತಿ ದುಂಡಗಿಲ್ಲ, ಮುಚ್ಚಳವೂ ಅಷ್ಟೇ. ಅದನ್ನು ಓರೆಯಾಗಿ ಹಿಡಿದು ಒಳಗಿಳಿಸಿ, ನೇರ ಮಾಡಿ, ಮೇಲಕ್ಕೆಳೆದು ಹಿಡಿಗೆ ಕೊಂಡಿ ಸಿಕ್ಕಿಸಬೇಕು. ಒಲೆ ಹೊತ್ತಿಸಿದ ಮೇಲೆ ಹಬೆ ಅದನ್ನು ಒಳಗಿನಿಂದ ಅಂಚಿಗೆ ಅದುಮುತ್ತದೆ. ಒತ್ತಡ ಹೆಚ್ಚಿದಷ್ಟೂ ಬಿಗಿ. ತೆರೆಯಲು ಮುಚ್ಚಳ ಮೊದಲು ಕೆಳಗಿಳಿಯಬೇಕು, ಒಳಗೆ ಒತ್ತಡ ಇರುವ ತನಕ ಅದು ಇಳಿಯದು. ಕಾಲೇಜಿಗೆ ಹೊರಟ ಮಗ ಅವಸರದಲ್ಲಿ ಕೊಂಡಿ ಕಳಚಿದರೂ ಮುಚ್ಚಳ ಕದಲುವುದಿಲ್ಲ. 1679ರಲ್ಲಿ ಫ್ರೆಂಚ್ ವಿಜ್ಞಾನಿ ಡೆನಿಸ್ ಪಾಪಿನ್ ಲಂಡನ್ನಿನಲ್ಲಿ ಎಲುಬನ್ನೂ ಮೆತ್ತಗಾಗಿಸುವ ಹಬೆಪಾತ್ರೆ ತೋರಿಸಿದಾಗ ಮುಚ್ಚಳವನ್ನು ತಿರುಪು ಹಾಕಿ ಬಿಗಿಯಬೇಕಿತ್ತು. ಇಲ್ಲಿ ಅಪಾಯ ತರಬಲ್ಲ ಹಬೆಗೇ ಬೀಗದ ಕೆಲಸ ಒಪ್ಪಿಸಿದ್ದಾರೆ. ಇಂಥ ಯೋಚನೆಯನ್ನೇ ನಾನು ಒಳ್ಳೆಯ ವಿನ್ಯಾಸ ಎನ್ನುತ್ತೇನೆ. ಹೊಳಪು, ಬಣ್ಣ ಆಮೇಲಿನ ಮಾತು.

ನಮ್ಮ ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,100 ಮೀಟರ್ ಎತ್ತರದಲ್ಲಿದೆ. ತೆರೆದ ಪಾತ್ರೆಯಲ್ಲಿ ನೀರು 96 ಡಿಗ್ರಿಯ ಆಸುಪಾಸಿನಲ್ಲೇ ಕುದಿದುಬಿಡುತ್ತದೆ, ತೊಗರಿಬೇಳೆ ಬೇಯಲು ಸತಾಯಿಸುತ್ತದೆ. ಕುಕ್ಕರಿನ ಮುಚ್ಚಳದ ಮೇಲೆ ಕೂರುವ ಸೀಟಿಯ ತೂಕ ಪ್ರತಿ ಚದರ ಸೆಂಟಿಮೀಟರಿಗೆ ಒಂದು ಕಿಲೋದಷ್ಟು ಒತ್ತಡ ತಡೆದು ಆ ಉಷ್ಣತೆಯನ್ನು 118ರವರೆಗೆ ಏರಿಸುತ್ತದೆ. ಕಡಲೆಕಾಳು ನುಣ್ಣಗೆ ಬೆಂದು, ಸಿಪ್ಪೆ ಮಾತ್ರ ಹಾಗೆಯೇ ಉಳಿಯುವ ಹದ ಇದರಲ್ಲಿ ಸೊಗಸಾಗಿ ಬರುತ್ತದೆ.

ಕೊರತೆಗಳೂ ಆ ಮುಚ್ಚಳದಿಂದಲೇ ಹುಟ್ಟಿದವು. ಅಂಚು ಒಳಕ್ಕೆ ಬಾಗಿರುವುದರಿಂದ ಸಾರು ಬಗ್ಗಿಸುವಾಗ ಬೇಳೆ ಅಲ್ಲಿ ನಿಲ್ಲುತ್ತದೆ, ಅಗುಳು ಸಿಕ್ಕಿಕೊಳ್ಳುತ್ತದೆ, ತೊಳೆಯುವಾಗ ಬೆರಳು ಹಾಕಿ ತಡಕಬೇಕು. ಬಾಯಿ ಕಿರಿದು, ಹಳೆಯ ಕುಕ್ಕರಿನ ಅಗಲ ಡಬ್ಬಿಗಳು ಒಳಗೆ ಇಳಿಯಲೇ ಇಲ್ಲ. ಅನ್ನ, ಬೇಳೆ, ಪಲ್ಯದ ತರಕಾರಿ ಎಲ್ಲವನ್ನೂ ಒಟ್ಟಿಗೆ ಬೇಯಿಸುವ ಮನೆಗೆ ಇದು ಸಣ್ಣ ತೊಂದರೆಯಲ್ಲ.

ನನಗೆ ಹೆಚ್ಚು ಬೇಸರ ತಂದದ್ದು ಬೇರೆ. ಅತ್ತೆಗೆ ಮಣಿಕಟ್ಟಿನ ನೋವು. ಮುಚ್ಚಳವನ್ನು ಓರೆ ಮಾಡಿ ತಿರುಗಿಸುವುದು ಅವರಿಂದ ಆಗುವುದಿಲ್ಲ. "ನೀನೇ ಮುಚ್ಚಿಟ್ಟು ಹೋಗಮ್ಮ, ಒಲೆ ನಾನು ಹಚ್ಚುತ್ತೇನೆ" ಎನ್ನುತ್ತಾರೆ. ಹಬೆಯ ಬಲವನ್ನು ಇಷ್ಟು ಚೆನ್ನಾಗಿ ಲೆಕ್ಕ ಹಾಕಿದವರು ಮುದಿ ಕೈಯ ಬಲವನ್ನೂ ಲೆಕ್ಕಕ್ಕೆ ಹಿಡಿಯಬೇಕಿತ್ತು. ಹಿಡಿ ತುಸು ದಪ್ಪಗಿದ್ದರೂ ಅವರ ಕೈಗೆ ಹಿಡಿತ ಸಿಗುತ್ತಿತ್ತು.

ಇಬ್ಬರು ಮೂವರಿರುವ ಮನೆಗೆ, ಮಕ್ಕಳು ಅಡುಗೆಮನೆಯಲ್ಲಿ ಓಡಾಡುವ ಮನೆಗೆ ಈ ಕುಕ್ಕರನ್ನೇ ಹೇಳುತ್ತೇನೆ. ಕೊಳ್ಳುವಾಗ ಐಎಸ್‌ಐ ಗುರುತು, ಅದರೊಂದಿಗೆ ಪ್ರೆಷರ್ ಕುಕ್ಕರಿನ ಭಾರತೀಯ ಮಾನಕವಾದ ಐಎಸ್ 2347 ಎಂಬ ಸಂಖ್ಯೆ ಇದೆಯೇ ನೋಡಿ. ದಿನವೂ ಅಡುಗೆ ಮಾಡುವವರನ್ನೇ ಅಂಗಡಿಗೆ ಕರೆದೊಯ್ದು, ಅವರ ಕೈಯಲ್ಲೇ ಮುಚ್ಚಳ ಹಾಕಿಸಿ, ತೆಗೆಸಿ ನೋಡಿ.