ಹಳೆಯ ಜಾವಾ ಕೊಳ್ಳುವ ಮುಂಚೆ ಚಾಸಿ ನಂಬರಿನ ಮೇಲಿನ ಬಣ್ಣ ತೆಗೆಸಿ ನೋಡಿ

ಹಳೆಯ ಜಾವಾ, ಯೆಜ್ಡಿ ಬೈಕ್ ಕೊಂಡು ಮನೆಯಲ್ಲೇ ರಿಸ್ಟೋರ್ ಮಾಡಬೇಕು ಅಂತ ಆಸೆಪಟ್ಟವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಾನು ಕೊಂಡ ಗಾಡಿಯ ಆರ್‌ಸಿ ಅಸಲಿ. ಅದರಲ್ಲಿರುವ ನಂಬರೂ ಗಾಡಿ ಮೇಲಿನ ನಂಬರೂ ಒಂದೇ. ಆರ್‌ಟಿಒದಿಂದ ತೆಗೆಸಿದ ಬಿ ಎಕ್ಸ್‌ಟ್ರಾಕ್ಟ್‌ನಲ್ಲೂ (ಅಲ್ಲಿನ ನೋಂದಣಿ ದಾಖಲೆಯ ಪ್ರತಿ) ಅದೇ ವಿವರ. ಇಷ್ಟೆಲ್ಲ ನೋಡಿಯೇ ದುಡ್ಡು ಕೊಟ್ಟಿದ್ದು. ಆದರೂ ಕೈಗೆ ಬಂದದ್ದು ಚಾಸಿಯ ಮೂಲ ನಂಬರ್ ಉಜ್ಜಿ, ಅಲ್ಲಿ ಬೇರೆ ನಂಬರ್ ಪಂಚ್ ಮಾಡಿದ (ಅಚ್ಚು ಹೊಡೆದ) ಗಾಡಿ.

ಅರವತ್ತರ ದಶಕದ ಜಾವಾ 250 ಅದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಗಾಡಿ ತಯಾರಿಸಲು ಶುರುಮಾಡಿ 1996ರಲ್ಲಿ ನಿಂತುಹೋಯಿತು. ಮೈಸೂರಿನ ಸುತ್ತಮುತ್ತಲ ಊರುಗಳಲ್ಲಿ ಬೆಳೆದವರಿಗೆ ಆ ಟೂ ಸ್ಟ್ರೋಕ್ ಸದ್ದು, ಗೇರ್ ಲಿವರನ್ನೇ ಹಿಂದಕ್ಕೆ ತಿರುಗಿಸಿ ಕಿಕ್ ಹೊಡೆಯುವ ಆ ಪದ್ಧತಿ ಬರೀ ಯಂತ್ರದ ವಿಷಯವಲ್ಲ, ಮನೆಯವರ ನೆನಪು. 2018ರಲ್ಲಿ ಜಾವಾ ಹೆಸರು ಮತ್ತೆ ಮಾರುಕಟ್ಟೆಗೆ ಬಂದಾಗಿನಿಂದ ಹಳೆಯವನ್ನು ಹುಡುಕುವವರು ಇನ್ನೂ ಹೆಚ್ಚಾದರು. ಈ ಪ್ರೀತಿಯ ಮೇಲೆಯೇ ದಲ್ಲಾಳಿಗಳ ಕಣ್ಣು.

ಗಾಡಿ ಮಾರಿದ ಅಂಗಡಿಯವರೇ ಚಾಸಿಗೆ ದಪ್ಪಗೆ ಕಪ್ಪು ಬಣ್ಣ ಹೊಡೆದಿದ್ದರು. ಎಂಜಿನ್ ಇಳಿಸಿ, ಫೋರ್ಕ್ ಬಿಚ್ಚಿ, ಪೇಂಟ್ ರಿಮೂವರ್ ಹಚ್ಚಿಟ್ಟೆ. ಉಳಿದ ಕಡೆ ಬಣ್ಣ ಉಬ್ಬಿ ಎದ್ದು ಸಿಪ್ಪೆಯಂತೆ ಬಂತು. ಹ್ಯಾಂಡಲ್ ಕೂರುವ ಹೆಡ್‌ಟ್ಯೂಬಿನ ಪಕ್ಕದಲ್ಲಿ ಮಾತ್ರ ಬಣ್ಣದ ಕೆಳಗೆ ತೆಳುವಾಗಿ ಬೂದು ಪುಟ್ಟಿ ಕಾಣಿಸಿತು. ಅದನ್ನೂ ಕೆರೆದಾಗ ಕಬ್ಬಿಣದ ಮೇಲೆ ಗ್ರೈಂಡರಿನ ಓರೆ ಗೆರೆಗಳು. ನಂಬರುಗಳು ಆ ಗೆರೆಗಳನ್ನು ಕತ್ತರಿಸಿಕೊಂಡು ಕೂತಿದ್ದವು, ಅಂದರೆ ಗ್ರೈಂಡಿಂಗ್ ಮೊದಲು, ಪಂಚ್ ಆಮೇಲೆ. ಒಂದು ಅಂಕೆ ಆಳ, ಪಕ್ಕದ್ದು ಮೇಲುಮೇಲೆ, ಇನ್ನೊಂದು ವಾಲಿಕೊಂಡಿತ್ತು. ಟಾರ್ಚನ್ನು ಅಡ್ಡಕ್ಕೆ ಹಿಡಿದರೆ ಎರಡು ಅಂಕೆಗಳ ನಡುವೆ ಬೇರೊಂದು ಅಂಕೆಯ ಅರ್ಧ ಬಾಗು ಮಂಕಾಗಿ ಕಾಣುತ್ತಿತ್ತು.

ಮಾರಿದವನಿಗೆ ಫೋನ್ ಮಾಡಿದರೆ, ‘ಹಳೇ ಗಾಡಿ ಅಂದ್ಮೇಲೆ ಇದೆಲ್ಲ ಇದ್ದಿದ್ದೇ ಸಾರ್, ಮೇಲೆ ಬಣ್ಣ ಹೊಡೆದ್ಬಿಡಿ, ಯಾರ್ ನೋಡ್ತಾರೆ’ ಅಂದ. ಆಮೇಲೆ ಫೋನ್ ಎತ್ತಲಿಲ್ಲ.

ಈ ದಂಧೆ ನಡೆಯುವ ಬಗೆ ತಿಳಿದಿರಲಿ. ಗಾಡಿ ನಾಶವಾದರೆ ಹದಿನಾಲ್ಕು ದಿನದೊಳಗೆ ಆರ್‌ಟಿಒಗೆ ತಿಳಿಸಬೇಕೆಂದು ಮೋಟಾರು ವಾಹನ ಕಾಯ್ದೆಯ 55ನೇ ಸೆಕ್ಷನ್ ಹೇಳುತ್ತದೆ. ಗುಜರಿಗೆ ಹಾಕಿದ ಎಷ್ಟೋ ಮಂದಿ ಅದನ್ನು ಮಾಡುವುದಿಲ್ಲ. ಗಾಡಿ ಕರಗಿಹೋಗುತ್ತದೆ, ಆರ್‌ಸಿ ಪುಸ್ತಕ ಮಾತ್ರ ಜೀವಂತವಾಗಿ ಕೈಯಿಂದ ಕೈಗೆ ಹೋಗುತ್ತದೆ. ಕಾಗದವಿಲ್ಲದ ಗಾಡಿಯೋ ಕದ್ದ ಗಾಡಿಯೋ ಸಿಕ್ಕಾಗ ಅದರ ನಂಬರ್ ಅಳಿಸಿ, ಆ ಪುಸ್ತಕದಲ್ಲಿರುವ ನಂಬರ್ ಹೊಡೆಯುತ್ತಾರೆ. ಇನ್ನು ಕೆಲವರು ಸತ್ತ ಗಾಡಿಯ ಹೆಡ್‌ಟ್ಯೂಬಿನ ತುಂಡನ್ನೇ ಕತ್ತರಿಸಿ ಬೇರೆ ಚಾಸಿಗೆ ವೆಲ್ಡ್ ಮಾಡುತ್ತಾರೆ. ಹಾಗಾಗಿ ಪುಸ್ತಕಕ್ಕೂ ಗಾಡಿಗೂ ನಂಬರ್ ತಾಳೆಯಾಗುತ್ತದೆ ಅನ್ನುವುದು ಸಾಕ್ಷಿಯೇ ಅಲ್ಲ. ತಾಳೆಯಾಗಲಿ ಅಂತಲೇ ಇಷ್ಟೆಲ್ಲ ಮಾಡಿರುತ್ತಾರೆ. ಪೆನ್ಸಿಲ್ ಉಜ್ಜಿ ತೆಗೆದ ಚಾಸಿ ಪ್ರಿಂಟಿನಲ್ಲಿ ಅಂಕೆ ಕಾಣುತ್ತದೆ, ಅದರ ಕೆಳಗಿನ ಲೋಹದ ಕಥೆ ಕಾಣುವುದಿಲ್ಲ.

ಇದರಿಂದ ಆಗುವ ನಷ್ಟ ದುಡ್ಡಿನದು ಮಾತ್ರವಲ್ಲ. ಅದೇ 55ನೇ ಸೆಕ್ಷನ್ ಪ್ರಕಾರ ಎಂಜಿನ್ ಅಥವಾ ಚಾಸಿ ನಂಬರ್ ಆರ್‌ಸಿಗಿಂತ ಬೇರೆ ಅಂತ ಮನವರಿಕೆಯಾದರೆ ಆರ್‌ಟಿಒ ನೋಂದಣಿಯನ್ನೇ ರದ್ದು ಮಾಡಬಹುದು. ಕದ್ದ ಮಾಲೆಂಬ ಶಂಕೆ ಬಂದರೆ ಪೊಲೀಸರು ಗಾಡಿ ಜಪ್ತಿ ಮಾಡಬಹುದು. ಕದ್ದದ್ದೆಂದು ಗೊತ್ತಿದ್ದೂ ಇಟ್ಟುಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಸೆಕ್ಷನ್ ನಮ್ಮ ಮೇಲೆಯೇ ಬರುತ್ತದೆ. ಬಣ್ಣ ಹೊಡೆದು ಸುಮ್ಮನಿರಿ ಅನ್ನುವ ಸಲಹೆ ಎಷ್ಟು ಅಪಾಯದ್ದು ಅಂತ ಇದರಿಂದಲೇ ಅರ್ಥವಾಗಬೇಕು. ಅದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುವುದು ಆ ಅರ್ಧ ಅಂಕೆ. ಅದು ಯಾರೋ ಒಬ್ಬರ ಅಪ್ಪ ಓಡಿಸಿದ ಗಾಡಿ ಇರಬಹುದು.

‘ಐವತ್ತು ವರ್ಷ ದಾಟಿದೆ, ವಿಂಟೇಜ್ ರಿಜಿಸ್ಟ್ರೇಷನ್ ಮಾಡಿಸಿದರೆ ಎಲ್ಲ ಸರಿಹೋಗುತ್ತೆ’ ಎಂಬ ಮಾತನ್ನೂ ನಂಬಬೇಡಿ. 2021ರಲ್ಲಿ ಬಂದ ಕೇಂದ್ರದ ನಿಯಮ ಹೇಳುವುದು ಇದರ ತದ್ವಿರುದ್ಧ: ಚಾಸಿಯಲ್ಲಾಗಲಿ ಎಂಜಿನ್ನಿನಲ್ಲಾಗಲಿ ದೊಡ್ಡ ಮಾರ್ಪಾಡು ಆಗಿರಬಾರದು, ಗಾಡಿ ಮೂಲ ರೂಪದಲ್ಲೇ ಇರಬೇಕು. ಆ ನೋಂದಣಿಯ ಗಾಡಿಯನ್ನು ದಿನನಿತ್ಯ ರಸ್ತೆಯಲ್ಲಿ ಓಡಿಸುವಂತೆಯೂ ಇಲ್ಲ.

ಹಾಗಾದರೆ ನೋಡುವುದು ಹೇಗೆ? ಅಡ್ವಾನ್ಸ್ ಕೊಡುವ ಮುಂಚೆ ಹೆಡ್‌ಟ್ಯೂಬಿನ ನಂಬರ್ ಇರುವ ಜಾಗದಲ್ಲಿ ಅಂಗೈಯಗಲ ಬಣ್ಣ ತೆಗೆಸಿ. ಗಾಡಿ ಹೇಗೂ ಪೂರ್ತಿ ಬಿಚ್ಚಿ ಬಣ್ಣ ಹೊಡೆಯುವುದೇ ತಾನೆ, ಮಾರುವವನಿಗೆ ಇದರಿಂದ ನಷ್ಟವಿಲ್ಲ. ಬೇಡ ಅಂದರೆ ಅಲ್ಲಿಂದಲೇ ವಾಪಸ್ ಬನ್ನಿ. ಜೇಬಿನಲ್ಲೊಂದು ಸಣ್ಣ ಅಯಸ್ಕಾಂತ ಇರಲಿ. ಪುಟ್ಟಿ ದಪ್ಪವಿದ್ದಲ್ಲಿ ಅದರ ಹಿಡಿತ ಸಡಿಲವಾಗುತ್ತದೆ. ಹೆಡ್‌ಟ್ಯೂಬಿನ ಸುತ್ತ ಹೊಸ ವೆಲ್ಡಿಂಗ್ ಇದೆಯೇ ಅಂತ ಕೆಳಗಿನಿಂದ ಬಗ್ಗಿ ನೋಡಿ. ಎಂಜಿನ್ ನಂಬರ್ ಇರುವ ಕ್ರ್ಯಾಂಕ್‌ಕೇಸ್ (ಎಂಜಿನ್ನಿನ ಹೊರಕವಚ) ಅಲ್ಯುಮಿನಿಯಂ ಎರಕ. ನಂಬರಿನ ಸುತ್ತಮುತ್ತ ಮಾತ್ರ ಹೊಸದಾಗಿ ಉಜ್ಜಿದ ಗೆರೆ, ತಗ್ಗು, ವೆಲ್ಡಿಂಗಿನ ಗುರುತು ಕಂಡರೆ ಅಲ್ಲಿ ಏನೋ ನಡೆದಿದೆ ಎಂದೇ ಅರ್ಥ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ (ಎನ್‌ಸಿಆರ್‌ಬಿ) ವಾಹನ್ ಸಮನ್ವಯ ಎಂಬ ಆನ್‌ಲೈನ್ ಸೇವೆಯಲ್ಲಿ ಕಳುವಾದ ಗಾಡಿಗಳ ಪಟ್ಟಿಯಲ್ಲಿ ಹುಡುಕಬಹುದು, ಹುಡುಕಲೇಬೇಕು. ಆದರೆ ನಮ್ಮ ಕೈಲಿರುವುದು ಸುಳ್ಳು ನಂಬರಾದರೆ ಅಲ್ಲಿ ಏನೂ ಸಿಗುವುದಿಲ್ಲ. ಆರ್‌ಸಿಯಲ್ಲಿ ಹೆಸರಿರುವವರನ್ನೋ ಅವರ ಮಕ್ಕಳನ್ನೋ ಭೇಟಿಯಾಗಿ, ಗಾಡಿ ಯಾವಾಗ ಮನೆ ಬಿಟ್ಟಿತು ಅಂತ ಕೇಳುವುದು ಎಲ್ಲಕ್ಕಿಂತ ಒಳ್ಳೆಯದು. ಅವರು ‘ಅದನ್ನ ಗುಜರಿಗೆ ಹಾಕಿದ್ವಲ್ಲ’ ಅಂದರೆ ಉತ್ತರ ಸಿಕ್ಕಂತೆಯೇ.

ಈಗಾಗಲೇ ಕೊಂಡು, ಮನೆಯಲ್ಲಿ ಬಿಚ್ಚಿ, ಇಂಥದ್ದೇ ಗುರುತು ಕಂಡಿದ್ದರೆ ಅಲ್ಲಿಗೇ ಕೆಲಸ ನಿಲ್ಲಿಸಿ. ಸ್ಯಾಂಡ್‌ಪೇಪರ್ ಹಾಕಬೇಡಿ, ಸ್ಯಾಂಡ್ ಬ್ಲಾಸ್ಟಿಂಗಿಗೆ ಕಳಿಸಬೇಡಿ. ಪಂಚ್ ಹೊಡೆದಾಗ ಅಂಕೆಯ ಕೆಳಗಿನ ಲೋಹವೂ ಒತ್ತಿಹೋಗಿರುತ್ತದೆ; ಮೇಲಿನದನ್ನು ಉಜ್ಜಿದರೂ ಆ ಒತ್ತಡದ ಗುರುತು ಸ್ವಲ್ಪ ಆಳದವರೆಗೆ ಉಳಿದಿರುತ್ತದೆ. ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ ಆಮ್ಲದ ದ್ರಾವಣ ಹಚ್ಚಿ ಹಳೆಯ ನಂಬರನ್ನು ಎಷ್ಟೋ ಸಲ ಮತ್ತೆ ಓದುತ್ತಾರೆ. ನಾವು ಉಜ್ಜಿದಷ್ಟೂ ಆ ಅವಕಾಶ ಕಡಿಮೆಯಾಗುತ್ತದೆ. ಬಣ್ಣ, ಪುಟ್ಟಿ, ಗೆರೆ ಎಲ್ಲ ಕಾಣುವಂತೆ ಫೋಟೊ ತೆಗೆಯಿರಿ. ತುಕ್ಕು ಹಿಡಿಯದಂತೆ ಆ ಜಾಗಕ್ಕೆ ತೆಳುವಾಗಿ ಎಣ್ಣೆ ಸವರಿ ಬಟ್ಟೆ ಸುತ್ತಿ. ದುಡ್ಡು ಕಳಿಸಿದ ದಾಖಲೆ, ಮಾರಿದವನ ಮೆಸೇಜುಗಳು, ಜಾಹೀರಾತಿನ ಸ್ಕ್ರೀನ್‌ಶಾಟ್ ಜೋಡಿಸಿಕೊಂಡು ಮೊದಲು ವಕೀಲರೊಬ್ಬರ ಹತ್ತಿರ, ಅವರ ಜೊತೆಗೇ ಠಾಣೆಗೆ ಹೋಗಿ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ನಾನು ಹಾಗೇ ಮಾಡಿದೆ. ಗಾಡಿ ಈಗ ಠಾಣೆಯಲ್ಲಿದೆ, ತನಿಖೆ ನಡೆಯುತ್ತಿದೆ.